ಮಕ್ಕಳ ನಾಟಕಕ್ಕೆ ಹಾಡು ಕಟ್ಟುವುದು: ನನ್ನ ಅನುಭವ

ಮಕ್ಕಳ ನಾಟಕದಲ್ಲಿ ಹಾಡು ಶುರುವಾದಾಗ ಕತೆ ನಿಲ್ಲಬಾರದು. ಇಷ್ಟು ವರ್ಷ ನಾಟಕ, ಹಾಡು ಎರಡನ್ನೂ ಬರೆಯುತ್ತಾ ನಾನು ಗಟ್ಟಿಯಾಗಿ ಹಿಡಿದುಕೊಂಡಿರುವುದು ಇದೊಂದನ್ನೇ. ದೊಡ್ಡವರು ಬೇಜಾರಾದರೂ ಮರ್ಯಾದೆಗೆ ಸುಮ್ನೆ ಕೂತಿರುತ್ತಾರೆ. ಮಕ್ಕಳು ಹಾಗಲ್ಲ. ಕತೆ ನಿಂತಿತೋ, ಪಕ್ಕದವರ ಜೊತೆ ಮಾತು ಶುರು, ಯಾರಿಗೋ ಬಾಯಾರಿಕೆ ಶುರು.

ಅದಕ್ಕೇ ಹಾಡು ಬರೆಯುವ ಮೊದಲು ಕೇಳಿಕೊಳ್ಳುತ್ತೇನೆ: ಇದು ಮುಗಿಯುವಷ್ಟರಲ್ಲಿ ರಂಗದ ಮೇಲೆ ಏನು ಬದಲಾಗಿರುತ್ತದೆ? ಏನೂ ಇಲ್ಲ ಅಂದರೆ ಅಲ್ಲಿ ಹಾಡು ಬೇಡ, ಮಾತೇ ಸಾಕು.

ಒಂದು ನಾಟಕದಲ್ಲಿ ಅಕ್ಕ, ತಮ್ಮ ಜಗಳವಾಡಿ ಮಾತು ಬಿಟ್ಟಿರುತ್ತಾರೆ. ಹೊಳೆ ದಾಟಲು ಅಕ್ಕ ಒಬ್ಬಳೇ ಕಲ್ಲು ಜೋಡಿಸುತ್ತಾಳೆ:

ಒಂದು ಕಲ್ಲು ಎರಡು ಕಲ್ಲು
ಇಲ್ಲಿ ಇಡುವೆ ನಾನು

ಎರಡನೇ ಸಲಕ್ಕೆ ತಮ್ಮ ಬಂದು ಕಲ್ಲಿನ ಇನ್ನೊಂದು ತುದಿ ಹಿಡಿಯುತ್ತಾನೆ:

ಮೂರು ಕಲ್ಲು ನಾಲ್ಕು ಕಲ್ಲು
ಇಲ್ಲಿ ಇಡುವ ನಾವು

‘ನನ್ನನ್ನು ಕ್ಷಮಿಸು’ ಅನ್ನುವ ಸಂಭಾಷಣೆ ಬರೆದಿದ್ದೆ, ಹೊಡೆದು ಹಾಕಿದೆ. ಹಾಡು ಮುಗಿಯುವಾಗ ರಾಜಿಯೂ ಆಗಿರುತ್ತದೆ, ಅರ್ಧ ದಾರಿಯೂ ಆಗಿರುತ್ತದೆ.

ಇಲ್ಲಿ ಮೂರು ಮೂರು ಮಾತ್ರೆಯ ನಡೆ ಇದೆ (ಮಾತ್ರೆ ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ). ಕಲ್ಲು ಹೊರುವ ಕೆಲಸಕ್ಕೆ ಅದು ಒಗ್ಗುತ್ತದೆ, ಹೆಜ್ಜೆ ತಾನಾಗಿ ಬೀಳುತ್ತದೆ. ಯೋಚನೆಯ ಹಾಡಿಗಾದರೆ ನಾನು ಮೂರು-ನಾಲ್ಕು ಮಾತ್ರೆಯ ಭಾಮಿನಿ ಷಟ್ಪದಿಯ ಲಯಕ್ಕೆ ಹೋಗುತ್ತೇನೆ. ರಾಗ ಎಳೆಯುವ ಜಾಗದಲ್ಲಿ ದೀರ್ಘಾಕ್ಷರವೇ ಬರಬೇಕು. ಅಲ್ಲಿ ಲಘು ಇಟ್ಟರೆ ಮಕ್ಕಳು ‘ಮರ’ವನ್ನು ‘ಮಾರಾ’ ಅಂತ ಎಳೆಯುತ್ತಾರೆ, ಅರ್ಥ ಕೆಡುತ್ತದೆ. ಮೇಲಿನ ಸ್ವರಕ್ಕೆ ‘ಆ’, ‘ಓ’ ಸಿಕ್ಕರೆ ಬಾಯಿ ತೆರೆದು ಆರಾಮಾಗಿ ಹಾಡುತ್ತಾರೆ. ಕುಣಿಯುತ್ತಾ ಹಾಡುವ ಸಾಲಿನಲ್ಲಿ ಒತ್ತಕ್ಷರದ ರಾಶಿ ಬೇಡ, ಉಸಿರಿಗೆ ಜಾಗ ಬೇಕು. ಇದನ್ನೆಲ್ಲ ಸಂಗೀತ ನಿರ್ದೇಶಕರ ಪಕ್ಕದಲ್ಲೇ ಕೂತು ಸರಿ ಮಾಡುತ್ತೇನೆ. ಬರೆದು ಕಳಿಸಿಬಿಟ್ಟರೆ ಆಗುವ ಕೆಲಸ ಅಲ್ಲ.

ಕರಡು ಓದುವಾಗ ಮಕ್ಕಳನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ. ಹೇಗಿದೆ ಅಂತ ಕೇಳುವುದಿಲ್ಲ, ಕೇಳಿದರೆ ಚೆನ್ನಾಗಿದೆ ಅಂದುಬಿಡುತ್ತಾರೆ. ಯಾವ ಪುಟದಲ್ಲಿ ಕಣ್ಣು ಬೇರೆ ಕಡೆ ಹೋಯಿತು ಅಂತ ಗುರುತು ಹಾಕಿಕೊಳ್ಳುತ್ತೇನೆ. ನನಗೆ ತುಂಬಾ ಇಷ್ಟವಾದ ಸಾಲುಗಳು ಹಾಗೆ ಎಷ್ಟೋ ಹೋಗಿವೆ.

ಮಾರ್ಚ್ 20 ವಿಶ್ವ ಮಕ್ಕಳ ರಂಗಭೂಮಿ ದಿನ. 1965ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, ಮಕ್ಕಳ ರಂಗಭೂಮಿಯ ಅಂತರರಾಷ್ಟ್ರೀಯ ಸಂಸ್ಥೆ ಅಸಿಟೇಜ್ (ASSITEJ) ಅವತ್ತು ‘ಇವತ್ತು ಒಂದು ಮಗುವನ್ನು ನಾಟಕಕ್ಕೆ ಕರೆದುಕೊಂಡು ಹೋಗಿ’ ಅಂತ ಕರೆ ಕೊಡುತ್ತದೆ. ಕರೆ ದೊಡ್ಡವರಿಗೇ, ಅಲ್ವಾ? ಟಿಕೆಟ್ ಕೊಳ್ಳುವವರು, ನಾಟಕ ಬರೆಸುವವರು ಎಲ್ಲ ಅವರೇ. ಕೊನೆಯಲ್ಲಿ ಒಂದು ನೀತಿ ಇರಲಿ ಅಂತ ಕೇಳುವವರೂ ಅವರೇ. ನಾನು ಒಪ್ಪುವುದಿಲ್ಲ. ಅಕ್ಕ ತಮ್ಮ ಕಲ್ಲು ಹೊತ್ತಿದ್ದನ್ನು ಕಣ್ಣಾರೆ ಕಂಡ ಮಗುವಿಗೆ ಮತ್ತೆ ಬಾಯಿಬಿಟ್ಟು ಹೇಳುವುದು ಅದರ ಬುದ್ಧಿಗೆ ಮಾಡುವ ಅವಮಾನ.

ಈ ದಾರಿಗೆ ಹೊಸದಾಗಿ ಬರುವವರು ದುಡ್ಡಿನ ಮಾತು ಮೊದಲೇ ಆಡಿ. ನಾಟಕದ ಹಕ್ಕು, ಹಾಡಿನ ಹಕ್ಕು ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ನಾಟಕ ಮುಗಿದ ಮೇಲೂ ಹಾಡುಗಳನ್ನು ಶಾಲೆಗಳಲ್ಲಿ, ಶಿಬಿರಗಳಲ್ಲಿ ಹಾಡಿಸುತ್ತಾರೆ. ಕರಾರಿನಲ್ಲಿ ಅದರ ಬಗ್ಗೆ ಒಂದು ಸಾಲು ಇರಲೇಬೇಕು.