ರೇನ್‌ಬೋ ಸೇತುವೆ ನಡೆದು ದಾಟುವವರಿಗೆ
ನಯಾಗರಾಕ್ಕೆ ಹೋದವರು ಅಮೆರಿಕ–ಕೆನಡಾ ನಡುವಿನ ರೇನ್‌ಬೋ ಸೇತುವೆಯನ್ನು ದಯವಿಟ್ಟು ಕಾರಿನಲ್ಲಿ ದಾಟಬೇಡಿ, ನಡೆದೇ ಹೋಗಿ. 1941ರ ಈ ಸೇತುವೆಯ ಕಾಲುದಾರಿ ಜಲಪಾತದ ಕಡೆಗೇ ಇದೆ. ಬಿಸಿಲಿದ್ದರೆ ಮಧ್ಯಾಹ್ನ ಮೂರರ ನಂತರ ಹೊರಡಿ. ಸೇತುವೆ ದಾಟಿ ಕೆನಡಾ ದಡದಿಂದ ನೋಡಿದರೆ ಸೂರ್ಯ ಬೆನ್ನಿಗಿರುವುದರಿಂದ ಅಮೆರಿಕನ್ ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲು ಕಾಣುವ ಸಾಧ್ಯತೆ ಹೆಚ್ಚು. ಸೇತುವೆಯ ನಡುವೆ ಗಡಿ ಗುರುತಿಸುವ ಫಲಕವಿದೆ, ಎರಡು ದೇಶಗಳಲ್ಲಿ ಒಂದೊಂದು ಕಾಲಿಟ್ಟು ನಿಲ್ಲಬಹುದು!

ಮುಖ್ಯವಾದದ್ದು ಕಾಗದಪತ್ರ. ಅಮೆರಿಕದ ವೀಸಾ ಇದ್ದ ಮಾತ್ರಕ್ಕೆ ಕೆನಡಾ ಒಳಗೆ ಬಿಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ವೀಸಾ ಬೇಡ, ಆದರೆ ಕಾರ್ಡ್ ಜೊತೆ ಪಾಸ್‌ಪೋರ್ಟ್ ಇರಲೇಬೇಕು. ಊರಿನಿಂದ ಬಂದ ಅಪ್ಪ ಅಮ್ಮನ ವೀಸಾವನ್ನು ಮೊದಲೇ ನೋಡಿಕೊಳ್ಳಿ. ಕೆನಡಾದಿಂದ ಮರಳುವಾಗ ಪಾದಚಾರಿಗಳಿಗೂ ಸಣ್ಣ ಸುಂಕವಿದೆ, ಚಿಲ್ಲರೆ ಇಟ್ಟುಕೊಳ್ಳಿ.