ಲ್ಯಾಪ್‌ಟಾಪ್‌ಗೆ ಜೋಡಿಸಿದ ಜಿಪಿಎಸ್ ಸ್ಥಳ ತೋರಿಸದಿದ್ದರೆ

ಚಿತ್ರದುರ್ಗದ ಸುತ್ತ ಅಂತರ್ಜಲದ ಸಮೀಕ್ಷೆ ಮಾಡುವವರು, ಚನ್ನಗಿರಿ ಕಡೆಯ ಅಡಿಕೆ ತೋಟಗಳ ಅಳತೆಗೆ ಹೋಗುವವರು, ಮೊಬೈಲ್ ಕೈಯಲ್ಲಿದ್ದರೂ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಜಿಪಿಎಸ್ ರಿಸೀವರ್ ಸಿಕ್ಕಿಸಿಕೊಂಡು ಕೆಲಸ ಮಾಡುವುದುಂಟು. ದೊಡ್ಡ ಪರದೆಯ ಮೇಲೆ ನಕ್ಷೆ ಕಾಣುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಇಂಟರ್ನೆಟ್ಟಿನ ಹಂಗೂ ಇರುವುದಿಲ್ಲ. ಈ ಜೋಡಣೆ ಕೈಕೊಟ್ಟಾಗ ಹೆಚ್ಚಿನವರು ನ್ಯಾವಿಗೇಷನ್ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಲು ಹೊರಡುತ್ತಾರೆ. ವಾಸ್ತವದಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ.

ಮೊದಲು ಲ್ಯಾಪ್‌ಟಾಪ್‌ಗೆ ರಿಸೀವರ್ ಕಾಣುತ್ತಿದೆಯೇ ಎಂದು ನೋಡಬೇಕು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ಪೋರ್ಟ್‌ಗಳ ಪಟ್ಟಿಯನ್ನು ಬಿಡಿಸಿ, ರಿಸೀವರನ್ನು ಒಮ್ಮೆ ಕಿತ್ತು ಮತ್ತೆ ಸಿಕ್ಕಿಸಿದರೆ, ಮಾಯವಾಗಿ ಮರಳಿ ಬರುವ ಕಾಮ್ ಪೋರ್ಟ್ (ರಿಸೀವರಿನ ಮಾಹಿತಿ ಒಳಬರುವ, ಸಂಖ್ಯೆಯುಳ್ಳ ದಾರಿ) ಯಾವುದೋ ಅದೇ ನಿಮ್ಮದು. ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಳದಿ ಎಚ್ಚರಿಕೆ ಚಿಹ್ನೆ ಕಂಡರೆ ಡ್ರೈವರ್, ಅಂದರೆ ಸಾಧನವನ್ನು ವಿಂಡೋಸ್‌ಗೆ ಹೊಂದಿಸುವ ತಂತ್ರಾಂಶ, ಸರಿಯಿಲ್ಲವೆಂದು ಅರ್ಥ. ಪಿಎಲ್-2303 ಚಿಪ್ ಇರುವ ಹಳೆಯ ರಿಸೀವರ್‌ಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಆ ಚಿಪ್‌ನ ಹೊಸ ಡ್ರೈವರ್‌ಗಳು ಹಳೆಯ ಮತ್ತು ನಕಲಿ ಚಿಪ್‌ಗಳನ್ನು ಒಪ್ಪುವುದಿಲ್ಲ. ಹಳೆಯ ಆವೃತ್ತಿಯ ಡ್ರೈವರ್ ಹಾಕಿದರೆ ಬಹುತೇಕ ಕೆಲಸ ಮಾಡುತ್ತದೆ. ಪಟ್ಟಿಯಲ್ಲಿ ಏನೂ ಬಾರದಿದ್ದರೆ ಯುಎಸ್‌ಬಿ ಹಬ್ ಮತ್ತು ಉದ್ದನೆಯ ಎಕ್ಸ್‌ಟೆನ್ಷನ್ ವೈರ್ ತೆಗೆದು ನೇರವಾಗಿ ಸಿಕ್ಕಿಸಿ ನೋಡಿ.

ಇಲ್ಲೊಂದು ವಿಚಿತ್ರವಾದ ತೊಂದರೆಯನ್ನು ಹೇಳಲೇಬೇಕು. ರಿಸೀವರ್ ಸಿಕ್ಕಿಸಿದಂತೆಯೇ ಲ್ಯಾಪ್‌ಟಾಪ್ ಶುರು ಮಾಡಿದಾಗ, ಮೌಸ್ ಬಾಣ ಪರದೆಯ ತುಂಬ ಕುಣಿದಾಡಿ, ಸಿಕ್ಕಸಿಕ್ಕ ಕಡೆ ಕ್ಲಿಕ್ ಆಗುವುದುಂಟು. ವೈರಸ್ ಎಂದು ಭಯಪಡುವವರೇ ಹೆಚ್ಚು. ಪೋರ್ಟಿನಲ್ಲಿ ಬರುತ್ತಿರುವ ಅಕ್ಷರಗಳನ್ನು ವಿಂಡೋಸ್ ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ತಪ್ಪಾಗಿ ತಿಳಿದಿರುತ್ತದೆ, ಅಷ್ಟೇ. ಡಿವೈಸ್ ಮ್ಯಾನೇಜರ್‌ನ ಮೌಸ್ ಪಟ್ಟಿಯಲ್ಲಿ 'ಸೀರಿಯಲ್ ಬಾಲ್‌ಪಾಯಿಂಟ್' ಎಂಬುದನ್ನು ನಿಷ್ಕ್ರಿಯಗೊಳಿಸಿದರೆ ಕುಣಿತ ನಿಲ್ಲುತ್ತದೆ.

ಎರಡನೆಯ ಹಂತವೇ ಇಡೀ ಪರೀಕ್ಷೆಯ ತಿರುಳು. ನ್ಯಾವಿಗೇಷನ್ ತಂತ್ರಾಂಶವನ್ನು ಪೂರ್ತಿ ಮುಚ್ಚಿ, ಪುಟ್ಟಿಯಂತಹ (PuTTY) ಉಚಿತ ಟರ್ಮಿನಲ್ ತಂತ್ರಾಂಶದಲ್ಲಿ, ಅಂದರೆ ಪೋರ್ಟಿಗೆ ಬರುವ ಅಕ್ಷರಗಳನ್ನು ಹಾಗೆಯೇ ತೋರಿಸುವ ತಂತ್ರಾಂಶದಲ್ಲಿ, ಆ ಪೋರ್ಟನ್ನು ತೆರೆಯಿರಿ. ಬಾಡ್ ರೇಟ್, ಅಂದರೆ ಮಾಹಿತಿ ಹರಿಯುವ ವೇಗ, 4800 ಎಂದು ಕೊಡಿ. ಜಿಪಿಎಸ್ ರಿಸೀವರ್‌ಗಳು ಮಾಹಿತಿ ಕಳಿಸಲು ಪಾಲಿಸುವ ಎನ್‌ಎಂಇಎ 0183 ಎಂಬ ಮಾನದಂಡದ ಮೂಲ ವೇಗ ಅದು. ಅರ್ಥವಿಲ್ಲದ ಚಿಹ್ನೆಗಳು ಬಂದರೆ 9600 ಕೊಟ್ಟು ನೋಡಿ. ಸರಿಯಾದ ವೇಗ ಸಿಕ್ಕಿದಾಗ, ಡಾಲರ್ ಚಿಹ್ನೆಯಿಂದ ಆರಂಭವಾಗುವ, ಅಲ್ಪವಿರಾಮಗಳಿಂದ ತುಂಬಿದ ಸಾಲುಗಳು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಗುಂಪಾಗಿ ಉರುಳುತ್ತವೆ. ಅವು ಕಂಡರೆ ವೈರ್, ಡ್ರೈವರ್, ಪೋರ್ಟ್ ಮೂರೂ ಸರಿಯಿವೆ. ಪೋರ್ಟ್ ತೆರೆಯಲು ಬಿಡುತ್ತಿಲ್ಲವೆಂಬ ಸಂದೇಶ ಬಂದರೆ ಬೇರಾವುದೋ ತಂತ್ರಾಂಶ ಅದನ್ನು ಹಿಡಿದುಕೊಂಡಿದೆ, ಏಕೆಂದರೆ ವಿಂಡೋಸ್‌ನಲ್ಲಿ ಒಂದು ಕಾಮ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ತಂತ್ರಾಂಶ ಬಳಸಬಹುದು. ಲಿನಕ್ಸ್ ಬಳಸುವವರು ತಮ್ಮ ಖಾತೆ, ಪೋರ್ಟ್ ಬಳಸಲು ಅನುಮತಿಯಿರುವ ಡಯಲ್‌ಔಟ್ (dialout) ಗುಂಪಿನಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ಈಗ ಆ ಸಾಲುಗಳನ್ನು ಓದೋಣ. ಆರ್‌ಎಂಸಿ ಎಂದಿರುವ ಸಾಲಿನಲ್ಲಿ ಸಮಯದ ಅಂಕಿಗಳ ನಂತರ ಇಂಗ್ಲಿಷಿನ ಎ ಅಕ್ಷರವಿದ್ದರೆ ಸ್ಥಳ ಸಿಕ್ಕಿದೆ, ವಿ ಇದ್ದರೆ ಇನ್ನೂ ಸಿಕ್ಕಿಲ್ಲ. ವಿ ಇದ್ದಾಗ ಕಂಪ್ಯೂಟರಿನಲ್ಲಿ ಹುಡುಕುವುದೇನೂ ಇಲ್ಲ, ಆಕಾಶ ಕಾಣುವ ಕಡೆಗೆ ಹೋಗಬೇಕು. ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ಸಿಗಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು, ಮತ್ತು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಆ ಸಂಕೇತ ಅತ್ಯಂತ ಕ್ಷೀಣವಾದುದು. ದಟ್ಟವಾದ ಅಡಿಕೆ ತೋಟದ ನೆರಳೂ ಅದನ್ನು ಕುಗ್ಗಿಸುತ್ತದೆ, ದುರ್ಗದ ಕೋಟೆಯ ಬಂಡೆಗಳ ನಡುವೆ ಅದು ಬಡಿದು ಪ್ರತಿಫಲಿಸಿ ಸ್ಥಳವನ್ನು ಆಚೀಚೆ ಜಾರಿಸುತ್ತದೆ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಪ್ರಸಾರ ಮಾಡುತ್ತದೆ, ಎಲ್ಲ ಉಪಗ್ರಹಗಳ ಸ್ಥೂಲ ವಿವರ ಪೂರ್ತಿ ಬರಲು 12.5 ನಿಮಿಷ ಬೇಕು. ಬಹುಕಾಲ ಮೂಲೆಯಲ್ಲಿದ್ದ ರಿಸೀವರನ್ನು ಸಿಕ್ಕಿಸಿ ತಕ್ಷಣ ಕಾರು ಓಡಿಸಿದರೆ, ಮರ, ಸೇತುವೆ, ಲಾರಿಗಳು ಅಡ್ಡ ಬಂದಾಗಲೆಲ್ಲ ಈ ಓದು ತುಂಡಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಬಯಲಿನಲ್ಲಿ ಕಾಲು ಗಂಟೆ ನಿಲ್ಲಿಸಿಕೊಂಡು ಹೊರಡುವುದೇ ಜಾಣತನ.

ಸಾಲಿನಲ್ಲಿ ಎ ಇದ್ದೂ ನಕ್ಷೆ ಮಿಸುಕದಿದ್ದರೆ ಮಾತ್ರ ನ್ಯಾವಿಗೇಷನ್ ತಂತ್ರಾಂಶದತ್ತ ತಿರುಗಬೇಕು. ಬರೆದಿಟ್ಟುಕೊಂಡ ಪೋರ್ಟ್ ಸಂಖ್ಯೆ ಮತ್ತು ವೇಗವನ್ನು ಅದರ ಸೆಟ್ಟಿಂಗ್ಸ್‌ನಲ್ಲಿ ಕೊಡಿ. ಯುಎಸ್‌ಬಿ ಕಿಂಡಿ ಬದಲಿಸಿದರೆ ಪೋರ್ಟ್ ಸಂಖ್ಯೆಯೂ ಬದಲಾಗಬಹುದಾದ್ದರಿಂದ ಯಾವಾಗಲೂ ಒಂದೇ ಕಿಂಡಿಯನ್ನು ಬಳಸಿ. ಕೆಲವು ಹಳೆಯ ತಂತ್ರಾಂಶಗಳು ಡಾಲರ್ ಚಿಹ್ನೆಯ ನಂತರ ಜಿಪಿ ಎಂದಿರುವ ಸಾಲುಗಳನ್ನಷ್ಟೇ ಗುರುತಿಸುತ್ತವೆ, ಆದರೆ ಹಲವು ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ಬಳಸುವ ಹೊಸ ರಿಸೀವರ್‌ಗಳು ಜಿಎನ್ ಎಂದು ಕಳಿಸುತ್ತವೆ. ರಿಸೀವರ್ ತಯಾರಕರ ತಂತ್ರಾಂಶದಿಂದ ಜಿಪಿಎಸ್ ಒಂದನ್ನೇ ಉಳಿಸಿಕೊಂಡರೆ ಇದು ಬಗೆಹರಿಯುತ್ತದೆ.

ದೋಷವೆಂದು ಕಾಣುವ ಕೆಲವು ಸಂಗತಿಗಳು ದೋಷಗಳೇ ಅಲ್ಲ. ಸಾಲಿನಲ್ಲಿರುವ ಸಮಯ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವುದು ಸಹಜ. ಹಾಗೆಯೇ ದಾವಣಗೆರೆಯಲ್ಲಿ ನಿಂತಾಗ ಬರುವ 1427.84 ಎಂಬ ಅಕ್ಷಾಂಶವನ್ನು 14 ಡಿಗ್ರಿ 27.84 ನಿಮಿಷ ಎಂದು ಓದಬೇಕು, ಅಂದರೆ 14.464 ಡಿಗ್ರಿ. ಅದನ್ನು 14.2784 ಎಂದು, ರೇಖಾಂಶವನ್ನೂ ಹಾಗೆಯೇ ತಪ್ಪಾಗಿ ನಕ್ಷೆಗೆ ಹಾಕಿದರೆ, ನೀವು ಸುಮಾರು 45 ಕಿಲೋಮೀಟರ್ ನೈರುತ್ಯದಲ್ಲಿ, ಹೊನ್ನಾಳಿಯ ಆಚೆಗೆ ಇರುತ್ತೀರಿ. ದಿನಾಂಕ ಇಪ್ಪತ್ತು ವರ್ಷದಷ್ಟು ಹಿಂದಿದ್ದರೆ ಮಾತ್ರ ಅದು ರಿಸೀವರಿನ ವಯಸ್ಸಿನ ದೋಷ: ಜಿಪಿಎಸ್‌ನ ವಾರಗಳ ಎಣಿಕೆ 1024ಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಕಳೆದ ಬಾರಿ 2019ರ ಏಪ್ರಿಲ್‌ನಲ್ಲಿ ಮರಳಿದಾಗ ಅನೇಕ ಹಳೆಯ ಸಾಧನಗಳು ಹಾದಿ ತಪ್ಪಿದವು. ತಯಾರಕರು ಹೊಸ ಫರ್ಮ್‌ವೇರ್ (ರಿಸೀವರಿನೊಳಗಿನ ತಂತ್ರಾಂಶ) ಕೊಟ್ಟಿರದಿದ್ದರೆ, ಅಥವಾ ಬೇರೊಂದು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೂ ಟರ್ಮಿನಲ್‌ನಲ್ಲಿ ಒಂದು ಸಾಲೂ ಬಾರದಿದ್ದರೆ, ರಿಪೇರಿಗೆ ದುಡ್ಡು ಸುರಿಯುವ ಬದಲು ಹೊಸ ರಿಸೀವರ್ ಕೊಳ್ಳುವುದು ಲೇಸು.