ಬೆನ್ನು ಪರೀಕ್ಷೆ: ಕೈ ಹಾಕುವ ಮೊದಲು ನೋಡಿ

ವಾರ್ಡಿಗೆ ಹೊಸದಾಗಿ ಬರುವ ನರ್ಸ್‌ಗಳಿಗೆ ನಾನು ಮೊದಲು ಕೇಳುವುದು ಇಷ್ಟೇ: ಪೇಷಂಟ್ ನಡೆದು ಬಂದರಾ, ಬಿದ್ದು ಬಂದರಾ? ಶಿರಸಿ ಕಡೆ ಅಡಿಕೆ ಮರದಿಂದ ಬಿದ್ದ ಕೊನೆಗೌಡರನ್ನು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರನ್ನು) ಯಾವತ್ತೂ ಎಬ್ಬಿಸಿ ಕೂರಿಸಬೇಡಿ. ಮಲಗಿದಲ್ಲೇ ಕಾಲ್ಬೆರಳು ಆಡಿಸಲು ಹೇಳಿ, ಮುಟ್ಟಿದ್ದು ಗೊತ್ತಾಗುತ್ತಾ ಕೇಳಿ, ಬರೆದಿಡಿ. ಬೆನ್ನು ನೋಡುವುದು ಡಾಕ್ಟರ್ ಬಂದ ಮೇಲೆ. ಒಬ್ಬರು ತಲೆ, ಕುತ್ತಿಗೆ ಅಲುಗದಂತೆ ಹಿಡಿದು ಎಣಿಸಬೇಕು, ಆ ಎಣಿಕೆಗೆ ಉಳಿದ ಮೂವರು ಇಡೀ ಮೈಯನ್ನು ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಿಸಬೇಕು.

ನಡೆದು ಬಂದವರಾದರೆ ಬಾಗಿಲಲ್ಲೇ ಗಮನಿಸಿ. ಕುಂಟುತ್ತಾರಾ, ಒಂದು ಕಡೆ ವಾಲುತ್ತಾರಾ? ಆಮೇಲೆ ಪರದೆ ಎಳೆದು ಬೆನ್ನು ಪೂರ್ತಿ ಕಾಣುವಂತೆ ಮಾಡಿ. ರವಿಕೆ ಮೇಲಿಂದ ಸುಮ್ನೆ ಒತ್ತಿ ನೋಡುವುದು ಪರೀಕ್ಷೆಯೇ ಅಲ್ಲ. ಹಾಲಕ್ಕಿ ಸಮುದಾಯದ ಅಜ್ಜಿಯಾದರೆ ಮಣಿಸರಗಳ ಅಡಿಯಲ್ಲಿ ಕುತ್ತಿಗೆ ಬುಡ ಮುಚ್ಚಿರುತ್ತದೆ, "ಅಜ್ಜಿ, ಸರ ಸ್ವಲ್ಪ ಪಕ್ಕಕ್ಕೆ ಮಾಡ್ಲಾ?" ಅಂತ ಕೇಳಿ, ಅವರು ಹೂಂ ಅಂದ ಮೇಲೆಯೇ ಮುಟ್ಟಿ.

ಹಿಂದೆ ನಿಂತು ಎರಡೂ ಭುಜ, ಎರಡೂ ಸೊಂಟ ಒಂದೇ ಮಟ್ಟದಲ್ಲಿವೆಯಾ ನೋಡಿ. ಪಕ್ಕದಿಂದ ನೋಡಿದರೆ ಕುತ್ತಿಗೆ, ಸೊಂಟ ಒಳಕ್ಕೆ, ಎದೆಯ ಹಿಂಭಾಗ ಹೊರಕ್ಕೆ ಬಾಗಿರಬೇಕು. ಮುಂದಕ್ಕೆ ಬಗ್ಗಲು ಹೇಳಿ. ಒಂದು ಬದಿಯ ಪಕ್ಕೆಲುಬು ಗೂನಿನ ಹಾಗೆ ಎದ್ದರೆ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವುದು, ಇರಬಹುದು. ಬೆಳೆಯುವ ಹುಡುಗಿಯರಲ್ಲಿ ಇದನ್ನು ತಪ್ಪದೇ ನೋಡಿ.

ಈಗ ಕೈ. ತಲೆ ಬಗ್ಗಿಸಿದಾಗ ಕುತ್ತಿಗೆ ಬುಡದಲ್ಲಿ ಎದ್ದು ಕಾಣುವ ಗಂಟು ಸಾಮಾನ್ಯವಾಗಿ ಕುತ್ತಿಗೆಯ 7ನೇ ಮೂಳೆ. ಅಲ್ಲಿಂದ ಹೆಬ್ಬೆರಳಲ್ಲಿ ಒಂದೊಂದೇ ಗಂಟು ಒತ್ತುತ್ತಾ ಇಳಿಯಿರಿ, ಎದೆಯ 12, ಸೊಂಟದ 5. ಎಡ, ಬಲ ಬದಿಯ ಸೊಂಟದೆಲುಬುಗಳ ಮೇಲ್ತುದಿ ಸೇರಿಸುವ ಗೆರೆ ಸುಮಾರು ಸೊಂಟದ 4ನೇ ಮೂಳೆ ಹತ್ತಿರ ಹಾಯುತ್ತದೆ, ಎಣಿಕೆ ತಪ್ಪಿದರೆ ಅದೇ ಗುರುತು. ಒತ್ತುವಾಗ ಕಣ್ಣು ಪೇಷಂಟಿನ ಮುಖದ ಮೇಲಿರಲಿ. "ನೋವಿಲ್ಲ ತಂಗಿ" ಅನ್ನುವವರ ಹುಬ್ಬು ಗಂಟಿಕ್ಕುತ್ತದೆ, ಅಲ್ವಾ? ದಿನವಿಡೀ ಮೀನಿನ ಬುಟ್ಟಿ ಹೊತ್ತ ಅಕ್ಕನಿಗೆ ಮೂಳೆಯ ಅಕ್ಕಪಕ್ಕದ ಸ್ನಾಯು ಬಿಗಿದಿರುವುದೇ ಜಾಸ್ತಿ. ಆದರೆ ಮೂಳೆಯ ಮೇಲೇ ಒಂದೇ ಜಾಗದಲ್ಲಿ ನೋವು, ಜೊತೆಗೆ ಸಂಜೆ ಜ್ವರ, ತೂಕ ಇಳಿದಿದೆ ಅಂದರೆ ಬೆನ್ನುಮೂಳೆ ಟಿಬಿ ಇರಬಹುದು. ಡಾಕ್ಟರಿಗೆ ತಿಳಿಸಿ.

ಅಂಗಾತ ಮಲಗಿಸಿ, ಮಂಡಿ ಮಡಚದೆ ಕಾಲು ನಿಧಾನ ಎತ್ತಿ. 30ರಿಂದ 70 ಡಿಗ್ರಿ ಒಳಗೆ ನೋವು ಮಂಡಿ ದಾಟಿ ಕೆಳಗೆ ಓಡಿದರೆ ನರ ಒತ್ತಿರುವ ಸಾಧ್ಯತೆ ಇದೆ.

ಕೊನೆಗೆ ನಾಚದೆ ಕೇಳಿ: ಮೂತ್ರ ಕಟ್ಟಿದೆಯಾ, ಮಲಮೂತ್ರ ಗೊತ್ತಿಲ್ಲದೆ ಹೋಗುತ್ತಾ, ತೊಡೆ ಸಂದಿಯಲ್ಲಿ ಜೋಮು ಇದೆಯಾ? ಹೌದು ಅಂದರೆ ಮುಂದಿನ ಶಿಫ್ಟಿಗೆ ಬಿಡಬೇಡಿ, ನಡುರಾತ್ರಿಯಾದರೂ ಡಾಕ್ಟರನ್ನು ಎಬ್ಬಿಸಿ.